ಮನೆ ನಂಬರಿಲ್ಲದ ವಿಳಾಸ: ಐರ್ಲೆಂಡಿನ ಟೌನ್‌ಲ್ಯಾಂಡ್

ಡಬ್ಲಿನ್ ಬಿಟ್ಟು ಐರ್ಲೆಂಡಿನ ಹಳ್ಳಿ ಕಡೆ ಮನೆ ಮಾಡಿದವರಿಗೆ ಮೊದಲು ಗೊಂದಲ ಆಗುವುದು ವಿಳಾಸದಲ್ಲೇ. ಮನೆ ನಂಬರ್ ಇರುವುದಿಲ್ಲ, ಎಷ್ಟೋ ಕಡೆ ರಸ್ತೆಗೂ ಹೆಸರಿಲ್ಲ. ಇರುವುದು ಟೌನ್‌ಲ್ಯಾಂಡಿನ ಹೆಸರು ಮಾತ್ರ. ಅದೇ ಹೆಸರನ್ನು ಅಕ್ಕಪಕ್ಕದ ಹತ್ತು ಮನೆಯವರೂ ಬರೆಯುತ್ತಾರೆ. 2015ರಲ್ಲಿ ಪ್ರತಿ ಮನೆಗೂ ಬೇರೆ ಬೇರೆ ಏರ್‌ಕೋಡ್, ಅಂದರೆ ಅಲ್ಲಿನ ಪೋಸ್ಟ್ ಕೋಡ್, ಬಂತು. ಒಟ್ಟು ಏಳು ಅಕ್ಷರ, ಅಂಕಿ. ಮನೆಮಂದಿಯೆಲ್ಲ ಅದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ಆಂಬುಲೆನ್ಸ್ ಕರೆಯುವಾಗ ಬೇಕಾಗುತ್ತದೆ.

ಹೆಸರಲ್ಲಿ ಟೌನ್ ಇದೆ ಅಂತ ಅಲ್ಲಿ ಪೇಟೆ ಹುಡುಕಬೇಡಿ. ಹಳ್ಳ, ಬೇಲಿ, ಕಲ್ಲುಗೋಡೆ ಎಲ್ಲೆಯಾಗಿರುವ ಒಂದು ತುಂಡು ನೆಲ, ಅಷ್ಟೇ. ಇಡೀ ದ್ವೀಪದಲ್ಲಿ ಇಂಥವು 60,000ಕ್ಕೂ ಜಾಸ್ತಿ ಇವೆ. 1824ರಲ್ಲಿ ಶುರುವಾದ ನಕ್ಷೆ ಸರ್ವೇ ಕಾಲದಲ್ಲಿ ಐರಿಷ್ ಹೆಸರುಗಳನ್ನು ಇಂಗ್ಲಿಷ್ ಕಾಗುಣಿತಕ್ಕೆ ಇಳಿಸಿದರು, ಅರ್ಥ ಮರೆಯಾಯಿತು. ಸ್ವಲ್ಪ ಕೆದಕಿದರೆ ಸಿಗುತ್ತದೆ: 'ನಾಕ್' ಅಂದರೆ ಗುಡ್ಡ, 'ಡೆರಿ' ಅಂದರೆ ಓಕ್ ಮರದ ತೋಪು, 'ಬ್ಯಾಲಿ' ಸಾಮಾನ್ಯವಾಗಿ ಊರು. 'ಕಿಲ್' ಮಾತ್ರ ಕಷ್ಟ. ಕೆಲವು ಕಡೆ ಚರ್ಚು, ಕೆಲವು ಕಡೆ ಕಾಡು.

ಒಂದು ಟೌನ್‌ಲ್ಯಾಂಡನ್ನು ಕಣ್ಣಾರೆ ನೋಡಬೇಕು ಅಂದರೆ ಮೇಯೊ ಕೌಂಟಿಯ ಅಕಿಲ್ ದ್ವೀಪದ ಸ್ಲೀವ್‌ಮೋರ್‌ಗೆ ಹೋಗಿ. ಹೆಸರಿನ ಅರ್ಥ ದೊಡ್ಡ ಬೆಟ್ಟ. ನಮ್ಮ ಊಟಿಯ ದೊಡ್ಡಬೆಟ್ಟದ ಹೆಸರೇ ಅಲ್ವಾ! ಬೆಟ್ಟದ ಬುಡದಲ್ಲಿ ಒಂದು ಮೈಲಿಯಷ್ಟು ಉದ್ದಕ್ಕೆ ಸೂರಿಲ್ಲದ ಕಲ್ಲುಮನೆಗಳ ಸಾಲು ಇದೆ, ಸುಮಾರು 80 ಇರಬಹುದು. ಒಳಗೆ ನಿಂತು ಗೋಡೆ ನೋಡಿ. ಕೆಲವು ಮನೆಗಳಲ್ಲಿ ದನ ಕಟ್ಟುತ್ತಿದ್ದ ಕಲ್ಲಿನ ಬಳೆಗಳು ಇನ್ನೂ ಇವೆ. ಜನ, ದನ ಒಂದೇ ಸೂರಿನಡಿ ಮಲಗುತ್ತಿದ್ದರು. ಸುತ್ತಲೂ ಆಲೂಗಡ್ಡೆ ಬೆಳೆದ ಏರಿಗಳ ಗುರುತು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಅವು ಸ್ಪಷ್ಟವಾಗಿ ಕಾಣುತ್ತವೆ. 1845ರಲ್ಲಿ ಆಲೂಗಡ್ಡೆಗೆ ರೋಗ ಬಂದು ದೇಶವೇ ಹಸಿವಿಗೆ ಬಿತ್ತು. ಇಲ್ಲಿನ ಜನರೂ ಮೆಲ್ಲಮೆಲ್ಲನೆ ಸಮುದ್ರದ ಕಡೆ ಇಳಿದು ಹೋದರು. ಆಮೇಲೂ ಎಷ್ಟೋ ವರ್ಷ ಬೇಸಿಗೆಯಲ್ಲಿ ದನ ಮೇಯಿಸಲು ಬಂದು ಇದೇ ಮನೆಗಳಲ್ಲಿ ತಂಗುತ್ತಿದ್ದರು. ಇನ್ನೂ ಸ್ವಲ್ಪ ಮೇಲೆ ಹತ್ತಿದರೆ 5,000 ವರ್ಷ ಹಿಂದಿನ ಕಲ್ಲಿನ ಗೋರಿಗಳಿವೆ.

ನಿಮ್ಮ ಟೌನ್‌ಲ್ಯಾಂಡಿನ ಕಥೆಯೂ ಸಿಗುತ್ತದೆ. 1901 ಮತ್ತು 1911ರ ಜನಗಣತಿಯ ಹಾಳೆಗಳು ನ್ಯಾಷನಲ್ ಆರ್ಕೈವ್ಸ್ ತಾಣದಲ್ಲಿ ಉಚಿತ. ಕೌಂಟಿ ಆರಿಸಿ, ಟೌನ್‌ಲ್ಯಾಂಡಿನ ಹೆಸರು ಹಾಕಿ. ಮನೆಯಲ್ಲಿ ಯಾರಿದ್ದರು, ಏನು ಕೆಲಸ, ಐರಿಷ್ ಮಾತಾಡುತ್ತಿದ್ದರಾ, ಎಲ್ಲ ಬರೆದಿದೆ. ಸೂರು ಹುಲ್ಲಿನದಾ, ಮುಂದೆ ಎಷ್ಟು ಕಿಟಕಿ ಇದ್ದವು ಅನ್ನುವುದು ಕೂಡ.