ಪೀಚ್ ಬೊಕೆ, ಮರೂನ್ ಸೀರೆ

ಎರಡು ವರ್ಷದಿಂದ ಬೊಕೆಗೆ ಬರುವವರೆಲ್ಲ ಮೊಬೈಲ್ ತೋರಿಸಿ ಕೇಳುವುದು ಒಂದೇ: "ಇಂಥದ್ದೇ ಬೇಕು, ಪೀಚ್ ಕಲರ್." ಪ್ರತಿ ವರ್ಷಕ್ಕೊಂದು ಬಣ್ಣ ಆರಿಸುವ ಬಣ್ಣದ ಕಂಪನಿ ಪ್ಯಾಂಟೋನ್‌ನವರು 2024ಕ್ಕೆ 'ಪೀಚ್ ಫಜ್', 2025ಕ್ಕೆ ಕಂದು ಛಾಯೆಯ 'ಮೋಕಾ ಮೂಸ್' ವರ್ಷದ ಬಣ್ಣ ಎಂದರು. ಆ ಗಾಳಿ ಬೆಂಗಳೂರಿನ ನನ್ನ ಪುಟ್ಟ ಅಂಗಡಿಗೂ ಬೀಸಿತು. ಕೆಂಪು ಗುಲಾಬಿ, ಜಿಪ್ಸಿ ಅನ್ನುವ ಪುಟ್ಟ ಬಿಳಿ ಹೂವು, ಸುತ್ತ ಮಿರಮಿರ ಪ್ಲಾಸ್ಟಿಕ್ ಹಾಳೆ ಈಗ ಕೇಳುವವರು ಕಡಿಮೆ. ತಿಳಿ ಬಣ್ಣ, ಖಾಕಿ ಕಾಗದ, ಸೆಣಬಿನ ದಾರ ಸಾಕು.

ನನ್ನ ಮೊದಲ ಪೀಚ್ ಬೊಕೆ ಒಂದು ನಿಶ್ಚಿತಾರ್ಥಕ್ಕೆ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ 20 ಹೂವಿನ ಒಂದು ಕಟ್ಟು ಪೀಚ್ ಗುಲಾಬಿ ತಂದೆ. ಜೊತೆಗೆ ಬಿಳಿ ಸೇವಂತಿಗೆ, ತಿಳಿಗುಲಾಬಿ ಕಾರ್ನೇಷನ್. ಅಂಗಡಿಯಲ್ಲಿ ಬೆಣ್ಣೆ ಥರ ಇತ್ತು. ಸಂಜೆ ಛತ್ರದಲ್ಲಿ ಹಳದಿ ದೀಪ, ಹುಡುಗಿ ಉಟ್ಟಿದ್ದು ಮರೂನ್ ರೇಷ್ಮೆ. ಬೊಕೆ ಸಪ್ಪೆ ಹೊಡೆಯಿತು. "ಏನಮ್ಮಾ, ನಿನ್ನೆ ಹೂವಾ?" ಎಂದೇ ಬಿಟ್ಟರು ಹುಡುಗಿಯ ತಾಯಿ.

ಮನೆಗೆ ಬಂದಾಗ ಅಜ್ಜಿ ಕಟ್ಟುತ್ತಿದ್ದ ಹೂವು ನೆನಪಾಯಿತು. ಕನಕಾಂಬರ, ನಡುನಡುವೆ ಮರುಗ, ಆಮೇಲೆ ಮಲ್ಲಿಗೆ. ಆ ಹಸಿರು ಇದ್ದದ್ದಕ್ಕೇ ಕನಕಾಂಬರ ಅಷ್ಟು ಎದ್ದು ಕಾಣುತ್ತಿತ್ತು. ನನ್ನ ಬೊಕೆಯಲ್ಲಿ ಗಾಢವಾದದ್ದು ಒಂದೂ ಇರಲಿಲ್ಲ, ಅಲ್ವಾ?

ಈಗ ಹತ್ತು ಪೀಚ್ ಗುಲಾಬಿಗೆ ಮೂರು ಕಡು ಮರೂನ್ ಸೇವಂತಿಗೆ, ಒಂದು ಹಿಡಿ ಕಡು ಹಸಿರಿನ ಕಾಮಿನಿ ಎಲೆ. ಕೆಳಗಿನ ಎಲೆಗಳನ್ನೆಲ್ಲ ತೆಗೆದುಬಿಡುತ್ತೇನೆ. ನೀರಲ್ಲಿ ಮುಳುಗಿದರೆ ಕೊಳೆತು ನಾರುತ್ತವೆ. ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಒಂದು ಕಡ್ಡಿ ಹಿಡಿದು, ಉಳಿದವನ್ನೆಲ್ಲ ಅದರ ಮೇಲೆ ಒಂದೇ ಕಡೆಗೆ ಓರೆಯಾಗಿ ಇಡುತ್ತಾ ಬೊಕೆಯನ್ನು ಚೂರು ಚೂರೇ ತಿರುಗಿಸುತ್ತೇನೆ. ಒಂದು ಕಡ್ಡಿ ಅಡ್ಡ ಬಂದರೂ ಕಟ್ಟಿದ ಮೇಲೆ ಹೂವಿನ ಕತ್ತು ಸೊಟ್ಟಗಾಗುತ್ತದೆ. ಮರೂನ್ ಹೂವನ್ನು ಒಂದು ಬೆರಳಷ್ಟು ತಗ್ಗಿಸಿಡಬೇಕು. ಆಗ ಅದು ನೆರಳಿನ ಹಾಗೆ ಕೂತು ಪೀಚನ್ನು ಮುಂದಕ್ಕೆ ತಳ್ಳುತ್ತದೆ. ಸಮಕ್ಕೆ ಇಟ್ಟರೆ ಬರೀ ಚುಕ್ಕಿ ಚುಕ್ಕಿ.

ಆರ್ಡರ್ ಬಂದರೆ ಈಗ ಮೊದಲು ಕೇಳುವುದು ಸೀರೆ ಯಾವ ಬಣ್ಣ ಅಂತ, ಆಮೇಲೆ ಬಜೆಟ್ಟು. ವರಮಹಾಲಕ್ಷ್ಮಿ ಹಬ್ಬದ ವಾರ ಮಾತ್ರ ಉಲ್ಟಾ. ಆಗಿನ ಹೂವಿನ ರೇಟಿಗೆ ಬಜೆಟ್ಟೇ ಮೊದಲು.

ಮೊನ್ನೆ ಒಬ್ಬರಿಗೆ ಪೂರ್ತಿ ಮೋಕಾ ಬಣ್ಣದ್ದೇ ಬೇಕಿತ್ತು. ಕೆನೆಬಣ್ಣದ ಗುಲಾಬಿಗೆ ಒಣಗಿದ ತಾವರೆ ಕಾಯಿ ಸೇರಿಸಿ ಕಟ್ಟಿಕೊಟ್ಟೆ. ಖುಷಿಯಿಂದ ಒಯ್ದರು. "ಶುಭಕಾರ್ಯಕ್ಕೆ ಒಣಗಿದ್ದು ಯಾಕೆ?" ಅಂತ ಅವರ ಅತ್ತೆ ಕಾಯಿಗಳನ್ನಷ್ಟೇ ಕಿತ್ತು ಪಕ್ಕಕ್ಕಿಟ್ಟರಂತೆ.