ಕಾರ್ಟೂನ್ ಗೇಮ್ ಕೊಳ್ಳುವ ಮೊದಲು ಚೀಲದ ಅಡಿಗೆ ಕೈ ಹಾಕಿ

ಅಡಕೆ ಕೊಳ್ಳುವವರು ಚೀಲದ ಬಾಯಲ್ಲಿ ಕಾಣುವ ಚಾಲಿ (ಒಣಗಿಸಿ ಸುಲಿದ ಅಡಕೆ) ನೋಡಿ ದರ ಹೇಳುವುದಿಲ್ಲ. ಮೊಣಕೈವರೆಗೆ ಕೈ ಹಾಕಿ ಅಡಿಯಿಂದ ಒಂದು ಮುಷ್ಟಿ ತೆಗೆಯುತ್ತಾರೆ, ನಾಲ್ಕು ಕತ್ತರಿಸುತ್ತಾರೆ, ಕಳಪೆಯಾದ ಪಟೋರ ಎಷ್ಟು, ಕರಿಗೋಟು ಎಷ್ಟು ಅಂತ ನೋಡಿದ ಮೇಲೆಯೇ ಬಾಯಿ ಬಿಡುವುದು. ಕಾರ್ಟೂನಿನ ಹೆಸರಲ್ಲಿ ಬರುವ ವಿಡಿಯೋ ಗೇಮನ್ನೂ ಹಾಗೆಯೇ ನೋಡಬೇಕು ಅಂತ ನನಗೆ ಬುದ್ಧಿ ಬಂದದ್ದು ಇನ್ನೂರು ಚಿಲ್ಲರೆ ರೂಪಾಯಿ ಕೈಬಿಟ್ಟ ಮೇಲೆ.

ಬದಿಯಡ್ಕದ ಹತ್ತಿರ ನಮ್ಮದು ಸಣ್ಣ ತೋಟ. ಅಣ್ಣನ ಮಗ ಆರನೇ ಕ್ಲಾಸು, ಕಾಸರಗೋಡು ಪೇಟೆಯಲ್ಲಿ ಶಾಲೆ, ಏಪ್ರಿಲ್-ಮೇ ಎರಡು ತಿಂಗಳು ನಮ್ಮಲ್ಲಿಯೇ ಠಿಕಾಣಿ. ಗೆಳೆಯರ ಹತ್ತಿರ ಮಲಯಾಳ, ಮನೆಯಲ್ಲಿ ಕನ್ನಡ, ಡೊರೆಮಾನ್ (ಜೇಬಿನಿಂದ ಮಾಯದ ಸಾಮಾನು ತೆಗೆಯುವ ರೋಬೋಟ್ ಬೆಕ್ಕಿನ ಕಾರ್ಟೂನು) ನೋಡಿ ನೋಡಿ ಕಲಿತ ಹಿಂದಿ. ಮೊದಲು ಅವನು ನನ್ನ ಮೊಬೈಲಿಗೆ ಹಾಕಿಕೊಂಡದ್ದು ಒಂದು ಪುಕ್ಕಟೆ ಗೇಮು. ಹೆಸರು ಬೇಡ. ಚಿತ್ರದಲ್ಲಿ ಅವನ ಇಷ್ಟದ ಕಾರ್ಟೂನು, ಒಳಗೆ ಬರೀ ಓಡುವುದು. ಎರಡು ನಿಮಿಷಕ್ಕೊಂದು ಜಾಹೀರಾತು, ಬಿದ್ದರೆ ಮತ್ತೆ ಏಳಲು ವಜ್ರ ಬೇಕು, ವಜ್ರಕ್ಕೆ ದುಡ್ಡು. ಒತ್ತಿದ. ಹೋಯಿತು. ಅದಕ್ಕೇ ಮೊದಲ ಕೆಲಸ: ಪ್ಲೇ ಸ್ಟೋರಿನ ಸೆಟ್ಟಿಂಗ್ಸಿಗೆ ಹೋಗಿ, ಪ್ರತಿ ಸಲ ಹಣ ಕೊಡುವಾಗಲೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿಡಿ. ಗುಣದೋಷದ ವಿಚಾರ ಆಮೇಲೆ.

ಈಗ ವಿಚಾರ. ಜಾಹೀರಾತಿನ ವಿಡಿಯೋ ನೋಡಬೇಡಿ, ಅದು ಚೀಲದ ಬಾಯಿ. ಯೂಟ್ಯೂಬಿನಲ್ಲಿ ಯಾರಾದರೂ ಆ ಗೇಮನ್ನು ಉದ್ದಕ್ಕೆ ಆಡಿದ ವಿಡಿಯೋ ಹುಡುಕಿ, ಶುರುವಿನಿಂದಲ್ಲ, ನಡುವಿನಿಂದ ಇಪ್ಪತ್ತು ನಿಮಿಷ ನೋಡಿ. ನೋಡುವಾಗ ಮುಖಗಳನ್ನು ಮರೆತುಬಿಡಿ. ಆಡುವವನ ಕೈ ಎಂತ ಮಾಡುತ್ತಾ ಉಂಟು? ಓಡುವುದಾ, ಹಾರುವುದಾ, ಹೊಡೆಯುವುದಾ, ಕಾಯುವುದಾ? ಡೊರೆಮಾನನ ತಲೆ ತೆಗೆದು ಬೇರೆ ಯಾರದ್ದೋ ತಲೆ ಇಟ್ಟರೂ ಆಟ ಹಾಗೆಯೇ ನಡೆಯುತ್ತದಾದರೆ, ನೀವು ದುಡ್ಡು ಕೊಡುವುದು ಬರೀ ತಲೆಗೆ.

ಈ ಪರೀಕ್ಷೆಯಲ್ಲಿ ಪಾಸಾಗಿ ನಮ್ಮ ಮನೆಯ ಲ್ಯಾಪ್‌ಟಾಪಿಗೆ ಬಂದದ್ದು 'ಡೊರೆಮಾನ್ ಸ್ಟೋರಿ ಆಫ್ ಸೀಸನ್ಸ್'. 2019ರದ್ದು. ಇದರ ಬೇರು ಡೊರೆಮಾನಿನಲ್ಲಿಲ್ಲ, 1996ರಲ್ಲಿ ಜಪಾನಿನಲ್ಲಿ ಶುರುವಾದ ಬೇಸಾಯದ ಆಟದ ಸಾಲಿನಲ್ಲಿ ಉಂಟು. ನಮ್ಮ ಕಡೆ ಗೇಮ್ ಆಡುವವರಿಗೆ ಅದು 'ಹಾರ್ವೆಸ್ಟ್ ಮೂನ್' ಎಂಬ ಹಳೇ ಹೆಸರಲ್ಲಿ ಪರಿಚಯ. ಬೇಸಾಯದ ಆಟ ಮಾಡಿ ಕೈ ಪಳಗಿದ ಮಾರ್ವೆಲಸ್ ಕಂಪೆನಿಯೇ ಇದನ್ನೂ ಮಾಡಿದ್ದು. ಆದ್ದರಿಂದ ಮಾಡಿದವರು ಯಾರು, ಮೊದಲು ಎಂತ ಮಾಡಿದ್ದರು ಅಂತ ಎರಡು ನಿಮಿಷ ಹುಡುಕುವುದು ವ್ಯರ್ಥವಲ್ಲ.

ಕಥೆ ಇಷ್ಟೆ. ಡೊರೆಮಾನನ ಗೆಳೆಯ, ಸೋಮಾರಿ ಹುಡುಗ ನೊಬಿಟಾನಿಗೆ ಒಂದು ವಿಚಿತ್ರ ಬೀಜ ಸಿಗುತ್ತದೆ, ಅದನ್ನು ನೆಟ್ಟಾಗ ದೊಡ್ಡ ಮರವಾಗುತ್ತದೆ, ಬಿರುಗಾಳಿ ಎದ್ದು ಎಲ್ಲರೂ ನಾಚುರಾ ಎಂಬ ಊರಿಗೆ ಹೋಗಿ ಬೀಳುತ್ತಾರೆ. ಆ ಊರಿನಲ್ಲಿ ಮಕ್ಕಳೂ ದುಡಿಯಬೇಕು. ಪಾಪದ ನೊಬಿಟಾನ ಪಾಲಿಗೆ ಬರುವುದು ಹಾಳುಬಿದ್ದ ಜಾಗ ಮತ್ತು ಗುದ್ದಲಿ. ಹುಡುಗ ಹತ್ತು ನಿಮಿಷ ಆಡಿ ನನ್ನ ಮುಖ ನೋಡಿದ. "ಅತ್ತೇ, ಇದೆಂತ, ಗೇಮಿನಲ್ಲೂ ತೋಟದ ಕೆಲಸವಾ?"

ಹೌದು ಮಾರಾಯ. ಕಳೆ ಕೀಳು, ಅಗೆ, ಬೀಜ ಹಾಕು, ನೀರು ಹೊಯ್ಯಿ, ಮರುದಿನ ಪುನಃ ನೀರು ಹೊಯ್ಯಿ. ಮಳೆ ಬಂದ ದಿನ ನೀರಿನ ಕೆಲಸ ಇಲ್ಲ. ಋತು ಮುಗಿದರೆ ಆ ಋತುವಿನ ಬೆಳೆಯೂ ಮುಗಿಯಿತು, ಅದಕ್ಕೇ ಕೊನೆಯ ವಾರದಲ್ಲಿ ಹೊಸ ಬೀಜಕ್ಕೆ ದುಡ್ಡು ಹಾಕಬಾರದು. ಅಡಕೆ ಸಸಿ ನೆಟ್ಟು ಐದಾರು ವರ್ಷ ಕಾಯುವ ನಮಗೆ ಕೆಲವೇ ದಿನದಲ್ಲಿ ಬೆಳೆ ಬರುವುದು ನೋಡಿ ನಗು ಬರುತ್ತದೆ. ಕೊಳೆರೋಗ ಇಲ್ಲ, ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಕಲಸಿ ಅದಕ್ಕೆ ಮದ್ದು ಬಿಡುವ ಗೌಜಿ ಇಲ್ಲ. ಆದರೂ ಶಕ್ತಿ ಎಂಬ ಲೆಕ್ಕವನ್ನು ಚೆಂದ ಇಟ್ಟಿದ್ದಾರೆ: ಪ್ರತಿ ಗುದ್ದಲಿ ಏಟಿಗೂ ನೊಬಿಟಾ ದಣಿಯುತ್ತಾನೆ. ದಣಿದರೆ? ಎಲ್ಲಿ ಬೇಕಾದರಲ್ಲಿ ಒಂದು ನಿದ್ದೆ ತೆಗೆಯಬಹುದು, ಶಕ್ತಿ ವಾಪಸು ಬರುತ್ತದೆ. ಕಾರ್ಟೂನು ನೋಡಿದವರಿಗೆ ಇದರ ರುಚಿ ಗೊತ್ತು. ಅಲ್ಲಿ ನೊಬಿಟಾನಿಗೆ ಬೈಗುಳ ತಿನ್ನಿಸುವ ನಿದ್ದೆಯ ಗುಣವೇ ಇಲ್ಲಿ ಬಂಡವಾಳ. ತಲೆ ಬದಲಿಸಿದರೆ ಈ ಆಟ ಹೀಗೆ ಇರುವುದಿಲ್ಲ. ಇಡೀ ಗೇಮಿನಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಇದೇ. ಆಮೇಲೆ ಬಣ್ಣ. ಹಿನ್ನೆಲೆ ಪೂರಾ ಜಲವರ್ಣದ ಚಿತ್ರದ ಹಾಗೆ, ಕಣ್ಣಿಗೆ ತಂಪು.

ದೋಷಗಳಿಗೆ ಬರುತ್ತೇನೆ. ಮಾತು, ಮಾತು, ಮಾತು. ನಮಗೆ ಮೊದಲ ಒಂದು ಗಂಟೆ ಹೆಚ್ಚುಕಡಿಮೆ ಓದುವುದಕ್ಕೇ ಹೋಯಿತು, ಅದೂ ಇಂಗ್ಲಿಷಿನಲ್ಲಿ. ಕನ್ನಡ ಬಿಡಿ, ಹಿಂದಿಯೂ ಇಲ್ಲ. ಇಂಗ್ಲಿಷ್ ಗೇಮಿನಲ್ಲಿ ನೊಬಿಟಾ 'ನೋಬಿ', ಶಿಜುಕಾ 'ಸೂ', ಜಿಯಾನ್ 'ಬಿಗ್ ಜಿ', ಸುನಿಯೋ 'ಸ್ನೀಚ್'. ಹಿಂದಿ ಕಾರ್ಟೂನಿನಲ್ಲಿ ಬೆಳೆದ ಹುಡುಗನಿಗೆ ಇದು ನೆಂಟರ ಮನೆಗೆ ಹೋದಾಗ ಎಲ್ಲರ ಹೆಸರೂ ಬದಲಾದ ಹಾಗೆ. ಕಾಗದದಲ್ಲಿ ಬರೆದು ಲ್ಯಾಪ್‌ಟಾಪಿನ ಅಂಚಿಗೆ ಅಂಟಿಸಿದೆ. ನೀವೂ ಹಾಗೆ ಮಾಡಿ.

ಇನ್ನೊಂದು ದೊಡ್ಡ ನಿರಾಸೆ: ಡೊರೆಮಾನನ ಗ್ಯಾಜೆಟ್ಟುಗಳು ಬಿರುಗಾಳಿಯಲ್ಲಿ ಕಳೆದುಹೋಗಿವೆ! ಕಥೆ ಮುಂದುವರಿದ ಹಾಗೆ ಒಂದೊಂದೇ ಸಿಗುವುದು. ಹಾರುವ ಆಸೆಯಿಂದ ಬಂದ ಮಗು ನೀರಿನ ಕ್ಯಾನು ಹಿಡಿದು ನಿಂತರೆ ಅಳುವುದೇ ಸೈ. ಇದನ್ನು ಕೊಳ್ಳುವ ಮೊದಲೇ ಹೇಳಿಬಿಡಿ. ಮುಂದಿನ ಕಥೆ ಎಲ್ಲಿ ಹೋದರೆ ಶುರುವಾಗುತ್ತದೆ ಅಂತಲೂ ಆಟ ಸರಿಯಾಗಿ ಹೇಳುವುದಿಲ್ಲ, ಊರಿಡೀ ಸುತ್ತಿ ಎಲ್ಲರನ್ನೂ ಮಾತಾಡಿಸುತ್ತಾ ಇರಬೇಕು. ಗುದ್ದಲಿ ಬಿಟ್ಟು ಕ್ಯಾನು ಹಿಡಿಯುವುದೂ ಕೀಬೋರ್ಡಿನಲ್ಲಿ ಕಿರಿಕಿರಿ. ಎರಡು ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಸಿಕ್ಕಿದರೆ ವಾಸಿ. ನಮ್ಮ ಹುಡುಗ ಒಂದೇ ಕೆಲಸವನ್ನು ಇಡೀ ಗದ್ದೆಗೆ ಮುಗಿಸಿ ಆಮೇಲೆ ಉಪಕರಣ ಬದಲಿಸುವುದು ಕಲಿತ. ತೋಟದಲ್ಲಿ ಹೇಳಿದರೆ ಕೇಳುವುದಿಲ್ಲ.

ಈ ನಿಧಾನ ನಿಮ್ಮ ಮಗುವಿಗೆ ಆಗದಿದ್ದರೆ ಬೇರೆ ದಾರಿ ಉಂಟು. ಸ್ಪಂಜ್‌ಬಾಬ್ ಎಂಬ ಕಾರ್ಟೂನಿನ 'ಬ್ಯಾಟಲ್ ಫಾರ್ ಬಿಕಿನಿ ಬಾಟಮ್', 2003ರ ಆಟ, 2020ರಲ್ಲಿ 'ರಿಹೈಡ್ರೇಟೆಡ್' ಅಂತ ಹೊಸ ಬಣ್ಣದಲ್ಲಿ ಬಂತು. ಹಾರು, ಜಾರು, ರೋಬೋಟಿಗೆ ಹೊಡೆ, ಚಿನ್ನದ ಸಟ್ಟುಗ ಹೆಕ್ಕು. ನೂರು ಸಟ್ಟುಗ ಇದ್ದರೂ ಎಪ್ಪತ್ತೈದು ಸಿಕ್ಕಿದರೆ ಕೊನೆಯ ಜಗಳಕ್ಕೆ ಬಾಗಿಲು ತೆರೆಯುತ್ತದೆ, ಅಂದರೆ ಕಷ್ಟದ್ದನ್ನು ಬಿಟ್ಟು ಮುಂದೆ ಹೋಗಬಹುದು. ಪ್ರಾಣ ಎಷ್ಟು ಉಳಿದಿದೆ ಅಂತ ತೋರಿಸುವುದು ಚಡ್ಡಿಗಳ ಲೆಕ್ಕದಲ್ಲಿ. ಹುಡುಗ ಬಿದ್ದು ಬಿದ್ದು ನಕ್ಕ. ಆದರೆ ಇಬ್ಬರು ಕೂಡಿ ಆಡುವುದು ಕಥೆಯಲ್ಲಿ ಇಲ್ಲ, ಅದು ಬೇರೆಯೇ ಒಂದು ಭಾಗ. ಅಣ್ಣತಮ್ಮಂದಿರಿಗೆಂದು ತಂದರೆ ಮನೆಯಲ್ಲಿ ಇನ್ನೊಂದು ಜಗಳ.

ಕೊಳ್ಳುವ ವಿಧಾನ. ಕಂಪ್ಯೂಟರಿಗಾದರೆ ಸ್ಟೀಮ್ ಎಂಬ ಅಂಗಡಿ. ಬೆಲೆ ರೂಪಾಯಿಯಲ್ಲೇ ಕಾಣುತ್ತದೆ, ಆಗಾಗ ರಿಯಾಯಿತಿ ಬರುತ್ತದೆ, ಅವಸರ ಬೇಡ. ನಿಮ್ಮ ಯಂತ್ರಕ್ಕೆ ಆಗುತ್ತದಾ ಅಂತ ಅದೇ ಪುಟದ ಕೆಳಗೆ ಬರೆದಿರುತ್ತದೆ. ವಿಮರ್ಶೆಗಳಲ್ಲಿ ಬೈದವರದ್ದನ್ನೇ ಮೊದಲು ಓದಿ, ಬೈದವರು ಎಷ್ಟು ಗಂಟೆ ಆಡಿದ್ದಾರೆ ಅಂತ ಪಕ್ಕದಲ್ಲೇ ಇರುತ್ತದೆ. ಅರ್ಧ ಗಂಟೆ ಆಡಿ ಬೈದವರಿಗಿಂತ ನಲವತ್ತು ಗಂಟೆ ಆಡಿ ಬೈದವರಿಗೆ ಹೆಚ್ಚು ಗೊತ್ತು. ಹಿಡಿಸದಿದ್ದರೆ ವಾಪಸು ಕೊಡಬಹುದು: ಕೊಂಡು 14 ದಿನದ ಒಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. ಡೊರೆಮಾನಿನಂಥ ಗೇಮಿನಲ್ಲಿ ಆ ಎರಡು ಗಂಟೆಯಲ್ಲಿ ಅರ್ಧ ಮಾತಿಗೇ ಹೋಗುತ್ತದೆ, ಅದೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ ಮೊದಲ ದಿನ ಮಗುವಿನ ಪಕ್ಕ ಗಡಿಯಾರ ಇಟ್ಟುಕೊಂಡು ಕುಳಿತುಕೊಳ್ಳಿ. ಆಟ ತೆರೆದಿಟ್ಟು ಊಟಕ್ಕೆ ಏಳಬೇಡಿ.

ನಮ್ಮ ಕಡೆಯವರಿಗೆ ಇನ್ನೊಂದು. ಮೇ ತಿಂಗಳ ಸಂಜೆ ಗುಡುಗು ಕೇಳಿದ ಕೂಡಲೇ ಸೇವ್ ಮಾಡಿ ಪ್ಲಗ್ ತೆಗೆಯಿರಿ. ನಮ್ಮ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತದ್ದು, ಕರೆಂಟು ಹೋದರೆ ಅದೂ ಹೋಗುತ್ತದೆ. ಒಂದು ದಿನದ ಕೊಯ್ಲು ಹಾಗೆ ಹೋಗಿ ರಾತ್ರಿ ಊಟ ಬಿಟ್ಟವ ನಮ್ಮ ಮನೆಯಲ್ಲೇ ಇದ್ದಾನೆ.

2022ರಲ್ಲಿ ಡೊರೆಮಾನನ ಬೇಸಾಯದ ಆಟದ ಎರಡನೆಯದು 'ಫ್ರೆಂಡ್ಸ್ ಆಫ್ ದ ಗ್ರೇಟ್ ಕಿಂಗ್‌ಡಮ್' ಬಂದಿದೆ, ಅದರಲ್ಲಿ ಇಬ್ಬರು ಕೂಡಿ ಆಡಲಿಕ್ಕೂ ಆಗುತ್ತದೆ. ಹುಡುಗ ಕೇಳುತ್ತಾ ಇದ್ದಾನೆ. ಮೊದಲನೆಯದರಲ್ಲಿ ಒಂದು ದನ ಕೊಂಡು ತೋರಿಸು, ಆಮೇಲೆ ಮಾತಾಡುವ ಅಂದಿದ್ದೇನೆ. ಸದ್ಯಕ್ಕೆ ಅವನ ಹತ್ತಿರ ಇರುವುದು ಮೂರು ಕೋಳಿ.