ಸೋಮನಾಥಪುರಕ್ಕೆ ಹೋಗ್ತೀರಾ? ಟಾರ್ಚ್ ಮರೀಬೇಡಿ

ಸೋಮನಾಥಪುರದ ಕೇಶವ ದೇವಸ್ಥಾನ ನೋಡೋಕೆ ನಮ್ಮ ಹಳೇ ವಿದ್ಯಾರ್ಥಿಗಳ ಬಳಗದಿಂದ ಭಾನುವಾರದ ಪ್ರವಾಸ ಹಾಕುವವರಿಗೆ ಒಂದು ಮಾತು. ಒಂದೇ ದಿನದಲ್ಲಿ ಸೋಮನಾಥಪುರ, ತಲಕಾಡು, ಶಿವನಸಮುದ್ರ ಮೂರನ್ನೂ ತುರುಕಬೇಡಿ. ಕಳೆದ ಸಲ ನಾವು ಹಾಗೆ ಮಾಡಿ, ಬಸ್ಸಿನಲ್ಲೇ ಜಾಸ್ತಿ ಹೊತ್ತು ಕಳೆದೆವು.

ಮೈಸೂರಿನಿಂದ ಸೋಮನಾಥಪುರ ಸುಮಾರು 35 ಕಿ.ಮೀ. ಬೆಳಿಗ್ಗೆ ಬೇಗ ಹೊರಡಿ. ಮಧ್ಯಾಹ್ನ ಅಂಗಳದ ಕಲ್ಲು ಕಾದಿರುತ್ತದೆ, ಚಪ್ಪಲಿ ಬಿಟ್ಟು ನಡೆಯೋದು ಕಷ್ಟ. ದಪ್ಪ ಕಾಲುಚೀಲ ಇದ್ದರೆ ಒಳ್ಳೆಯದು. ಹಿರಿಯರಿಗಂತೂ ಬೇಕೇ ಬೇಕು.

ಒಳಗೆ ಹೋಗುವ ಮೊದಲು ಹೊರಗೋಡೆಯನ್ನು ಪ್ರದಕ್ಷಿಣೆ ಹಾಕುತ್ತಾ ನೋಡಿ. ಆನೆ, ಕುದುರೆ ಸಾಲುಗಳ ಮೇಲಿನ ಪಟ್ಟಿಯಲ್ಲಿ ಮೊದಲು ರಾಮಾಯಣ, ಹಿಂಬದಿಯಲ್ಲಿ ಭಾಗವತ, ಆಮೇಲೆ ಮಹಾಭಾರತ ಬರುತ್ತದೆ. ಉಲ್ಟಾ ಸುತ್ತಿದರೆ ಕಥೆಯೂ ಉಲ್ಟಾ! ಮಕ್ಕಳಿಗೆ ಒಂದು ಕೆಲಸ ಕೊಡಿ: ವಿಗ್ರಹಗಳ ಪೀಠದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರು ಹುಡುಕಲಿ. ಹಳಗನ್ನಡ ಲಿಪಿ ಓದಬಲ್ಲ ಇತಿಹಾಸದ ಮೇಷ್ಟ್ರು ಜೊತೆಗಿದ್ದರೆ ಅದರ ಮಜಾನೇ ಬೇರೆ.

ಒಳಗೆ ಕತ್ತಲು. ಮೇಲ್ಛಾವಣಿಯ ಬಾಳೆಮೊಗ್ಗಿನಂಥ ಕೆತ್ತನೆ ಕಾಣಬೇಕಾದರೆ ಟಾರ್ಚ್ ಬೇಕು. ನಮ್ಮಲ್ಲಿ ಅರ್ಧ ಜನ ಸುಮ್ನೆ ತಲೆ ಎತ್ತಿ, ಏನೂ ಕಾಣದೆ ಹೊರಗೆ ಬಂದರು. ಪಾಪ.

ಬರುವವರಿಗೆ ಹಿಂದಿನ ದಿನವೇ ಗ್ರೂಪಿನಲ್ಲಿ ಎರಡು ಸಾಲು ಹಾಕಿ: ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಕಟ್ಟಿಸಿದ್ದು, 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಅಲ್ಲಿ ನಿಂತು ಭಾಷಣ ಮಾಡಿದರೆ ಯಾರೂ ಕೇಳಲ್ಲ, ಎಲ್ಲರೂ ಸೆಲ್ಫಿಯಲ್ಲಿರ್ತಾರೆ. ಊಟ ಕಟ್ಟಿಕೊಂಡೇ ಹೋಗಿ, ಆದರೆ ದೇವಸ್ಥಾನದ ಆವರಣದೊಳಗೆ ಬಿಚ್ಚಬೇಡಿ.